ಕಣ್ಣಿಗೆ ದಸ್ತಿ ಕಟ್ಟಿ ಕೇಳು, ಅಳಿಯಾ

ಪಂಚಮಿಗೆ ನಿನ್ನವ್ವ ತವರಿಗೆ ಬಂದಿದ್ದಳು. ಅವಳನ್ನು ಹುಕ್ಕೇರಿಗೆ ಕರೆದೊಯ್ಯಲೆಂದು ನೀನು ಪುಣೆಯಿಂದ ನೆಟ್ಟಗೆ ಗೋಕಾಕಕ್ಕೇ ಬಂದೆ. ಉಂಡಿಯ ತಾಟು ಮುಂದಿಟ್ಟರೆ ಬದಿಗೆ ಸರಿಸಿ, ಚೀಲದಿಂದ ಹಾಡು ಕೇಳುವ ಎರಡು ಪ್ಲೇಯರ್ ತೆಗೆದು ಜಮಖಾನದ ಮೇಲೆ ಜೋಡಿಸಿದೆ. "ಮಾಮಾ, ಇದು ಹಳೇದು, ಇದು ಹೊಸಾದು. ಕೇಳಿ ಹೇಳ್ರಿ, ಯಾವುದು ಚಲೋ ಐತಿ." ಹೊಸದರ ಬೆಲೆ ನಾನು ಕೇಳಿದೆ. ನೀನು ಅವ್ವ ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ಹತ್ತಿರ ಬಂದು ಪಿಸುಗುಟ್ಟಿದೆ. ಆ ರೊಕ್ಕದಲ್ಲಿ ಒಂದು ಕಾಲಕ್ಕೆ ನಾನು ರೇಡಿಯೋ ರಿಪೇರಿ ಅಂಗಡಿ ಹಾಕಿ, ಮದುವೆಯಾಗಿ, ಮನೆಗೆ ಹಂಚೂ ಹೊದಿಸಿದ್ದೆ.

ಎರಡನ್ನೂ ಕೇಳಿ "ಎರಡೂ ಚಲೋ ಅದಾವ" ಅಂದೆ. ನಿನ್ನ ಮುಖ ಸಣ್ಣದಾಯಿತು. ಮಾಮಾಗೆ ವಯಸ್ಸಾಯಿತು ಅಂತ ನೀನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಫೋನಿನಲ್ಲಿ ಸಣ್ಣ ಸ್ವರಗಳನ್ನು ಹಾಕಿ ಪರೀಕ್ಷೆ ಮಾಡಿಯೇಬಿಟ್ಟೆ. 8 ಸಾವಿರ ಹರ್ಟ್ಸ್ ಕೇಳಿಸಿತು. 10 ಸಾವಿರ ಎಲ್ಲೋ ದೂರದ ಜೀರುಂಡೆಯಂತೆ. 12 ಸಾವಿರಕ್ಕೆ ನಾನು "ಇನ್ನೂ ಹಚ್ಚಿಲ್ಲೇನು?" ಅಂದೆ, ಆಗ ನಿನ್ನ ತಂಗಿ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ನಿನಗೆ 17 ಸಾವಿರದವರೆಗೂ ಕೇಳುತ್ತದೆ. ಒಪ್ಪಿದೆ. ನನ್ನ ಕಿವಿಯನ್ನು ನೀನು ನಂಬಬೇಕಾಗಿಲ್ಲ. ಆದರೆ ನಲವತ್ತು ವರ್ಷ ಮಂದಿಯ ರೇಡಿಯೋ, ಟೇಪು ಬಿಚ್ಚಿದ ಕೈ ಇದು. ಮೊನ್ನೆ ಫೋನಿನಲ್ಲಿ ನೀನು ಮೂರನೆಯ ಪ್ಲೇಯರಿನ ಮಾತು ತೆಗೆದೆಯಲ್ಲ, ಅದಕ್ಕೇ ಈ ಕಾಗದ.

ಮೊದಲು ನನ್ನದೇ ಒಂದು ಹಳೆಯ ಪಾಪ ಹೇಳಿಬಿಡುತ್ತೇನೆ. ಅಂಗಡಿ ಹಾಕಿದ ಹೊಸತು. ಮೂಡಲಗಿ ಕಡೆಯ ರೈತರೊಬ್ಬರು ಮರ್ಫಿ ರೇಡಿಯೋ ಹೊತ್ತು ತಂದರು. "ದನಿ ಮಬ್ಬ ಆಗೇದ, ಧಾರವಾಡ ಸ್ಟೇಷನ್ ಮೊದಲಿನಂಗ ಬರವಲ್ದು." ಬಿಚ್ಚಿ ನೋಡಿದರೆ ಒಳಗೆ ಎಲ್ಲ ಸರಿ ಇತ್ತು. ಡಯಲಿನ ಹಿಂದಿನ ಸಣ್ಣ ಬಲ್ಬು ಮಾತ್ರ ಸುಟ್ಟಿತ್ತು. ಬಲ್ಬು ಹಾಕಿದೆ, ಗಾಜು ಒರೆಸಿದೆ, ಕಟ್ಟಿಗೆಗೆ ಎಣ್ಣೆ ಹಚ್ಚಿ ಮಿಂಚಿಸಿದೆ. ಹಚ್ಚಿದ ಕೂಡಲೇ ಡಯಲು ಹಳದಿ ಬೆಳಕಿನಿಂದ ತುಂಬಿತು. ಅವರು ಕಣ್ಣರಳಿಸಿ "ಈಗ ನೋಡ್ರಿ, ದನಿ ಹೆಂಗ ಬಿಚ್ಚೈತಿ!" ಅಂದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ನಿಜಕ್ಕೂ ಹಾಗೇ ಕೇಳಿಸಿತು. ಪಾಪ ನನ್ನದು. ಬಲ್ಬಿನ ದುಡ್ಡಿನ ಜೊತೆಗೆ 'ಸರ್ವಿಸಿಂಗ್' ಅಂತ ಹದಿನೈದು ರೂಪಾಯಿ ತಗೊಂಡೆ.

ಈಗ ನಿನ್ನ ಲೋಕಕ್ಕೆ ಬರೋಣ. ಸೋನಿ ಕಂಪನಿ 2016ರಲ್ಲಿ ಒಂದೇ ಬಳಗದ ಎರಡು ವಾಕ್‌ಮನ್ ತಂದಿತು. ಒಂದರ ಮೈ ಅಲ್ಯುಮಿನಿಯಂ, ತೂಕ 267 ಗ್ರಾಂ. ಇನ್ನೊಂದರದ್ದು ಚಿನ್ನದ ಲೇಪದ ತಾಮ್ರ, ತೂಕ 455 ಗ್ರಾಂ. ಅಮೆರಿಕದಲ್ಲಿ ಮೊದಲನೆಯದು 1,200 ಡಾಲರ್, ಎರಡನೆಯದು 3,200. ಮೈಯ ಲೋಹ ಬದಲಾದರೆ, ಒಳಗಿನ ತಂತಿ ಬದಲಾದರೆ ಒಂದಿಷ್ಟು ವ್ಯತ್ಯಾಸ ಇರಬಹುದು, ನಾನು ಜಗಳ ತೆಗೆಯುವುದಿಲ್ಲ. ನನ್ನ ಪ್ರಶ್ನೆ ಬೇರೆ. ಅರ್ಧ ಕಿಲೋ ಹತ್ತಿರದ ಬಂಗಾರದ ಬಣ್ಣದ ಗಟ್ಟಿಯನ್ನು ಅಂಗೈಯಲ್ಲಿ ಹಿಡಿದವನ ಕಿವಿ ಎಷ್ಟರಮಟ್ಟಿಗೆ ಅವನದೇ ಕಿವಿಯಾಗಿ ಉಳಿಯುತ್ತದೆ? ಆ ರೈತರಿಗೆ ಹಳದಿ ಬೆಳಕು ಮಾಡಿದ್ದನ್ನೇ ನಿನಗೆ ಈ ತೂಕ ಮಾಡುತ್ತದೆ. ಕೊಂಡ ಬೆಲೆಯೂ ಮಾಡುತ್ತದೆ. ಇಷ್ಟು ರೊಕ್ಕ ಸುರಿದ ಮೇಲೆ ವ್ಯತ್ಯಾಸ ಕೇಳಿಸದಿದ್ದರೆ ಮನುಷ್ಯ ರಾತ್ರಿ ಹೇಗೆ ಮಲಗಬೇಕು?

ಪಂಚಮಿಯ ಮರುದಿನ ಮಳೆ ಹೊಡೆದು ಫಾಲ್ಸ್ ನೋಡಲು ಹೋಗುವುದು ತಪ್ಪಿತಲ್ಲ, ಅವತ್ತು ಮಾಡಿದ ಆಟವನ್ನು ನೀನು ಮರೆತಂತೆ ನಟಿಸುತ್ತಿದ್ದೀ. ನಾನು ಮರೆತಿಲ್ಲ.

"ಎರಡರ ವಾಲ್ಯೂಮೂ ಕಿವಿಯಿಂದ ಸಮ ಮಾಡೇನಿ ಮಾಮಾ" ಅಂದಿದ್ದೆ. ನಾನು ಮೀಟರ್ ತಂದೆ. ಪೇಟೆಯಲ್ಲಿ ಸಿಗುವ ಅಗ್ಗದ ಹಳದಿ ಮೀಟರ್ ಈ ಕೆಲಸಕ್ಕೆ ಬರುವುದಿಲ್ಲ ಅನ್ನುವುದನ್ನು ನೆನಪಿಟ್ಟುಕೋ. ಅದರಲ್ಲಿ ಎಸಿ ಅಳೆಯಲು 200 ವೋಲ್ಟಿನ ಕೆಳಗೆ ಮನೆಯೇ ಇರುವುದಿಲ್ಲ, ಪ್ಲೇಯರಿನಿಂದ ಹೊರಡುವುದು ವೋಲ್ಟಿನ ಪಾಲು. ಮಿಲಿವೋಲ್ಟ್ ಓದುವ ಮೀಟರೇ ಬೇಕು. ಎರಡು ಕವಲಿನ ಜ್ಯಾಕಿನಲ್ಲಿ ಒಂದಕ್ಕೆ ನಿನ್ನ ಹೆಡ್‌ಫೋನ್ ಸಿಕ್ಕಿಸಿದೆವು, ಇನ್ನೊಂದಕ್ಕೆ ಮೀಟರಿನ ಕಡ್ಡಿ ಹಿಡಿದೆವು. ಹೆಡ್‌ಫೋನ್ ಸಿಕ್ಕಿಸಿಯೇ ಅಳೆಯಬೇಕು. ಭಾರ ಬಿದ್ದಾಗ ವೋಲ್ಟೇಜ್ ಎಷ್ಟು ಜಗ್ಗುತ್ತದೆ ಅನ್ನುವುದು ಒಂದೊಂದು ಪ್ಲೇಯರಿಗೆ ಒಂದೊಂದು ಥರ. ಆದರೆ ಕಿವಿಯ ಮೇಲೆ ಇಟ್ಟುಕೊಳ್ಳಬಾರದು, ದಿಂಬಿನ ಮೇಲಿಡಬೇಕು. 100 ಹರ್ಟ್ಸಿನ ಒಂದೇ ಸ್ವರದ ಫೈಲ್ ಹಾಕಿದೆವು. ಹೆಚ್ಚಿನ ಮೀಟರುಗಳು ಮನೆಯ ಕರೆಂಟಿನ ಆಸುಪಾಸಿನ ಆವರ್ತನವನ್ನೇ ಸರಿಯಾಗಿ ಓದುತ್ತವೆ, ಸಾವಿರಾರು ಹರ್ಟ್ಸಿಗೆ ಹೋದರೆ ತಪ್ಪುತ್ತವೆ. ಹಳೆಯ ಪ್ಲೇಯರ್ 0.250 ವೋಲ್ಟ್ ತೋರಿಸಿತು. ಹೊಸದು 0.280.

ಆ 30 ಮಿಲಿವೋಲ್ಟು ಸುಮಾರು ಒಂದು ಡೆಸಿಬೆಲ್ ಆಗುತ್ತದೆ. ಒಂದು ಡೆಸಿಬೆಲ್ ಹೆಚ್ಚಾದರೆ ಹೆಚ್ಚಿನವರಿಗೆ 'ಸದ್ದು ಜಾಸ್ತಿಯಾಯಿತು' ಅನ್ನಿಸುವುದಿಲ್ಲ. ದನಿ ತುಂಬಿತು, ಬಿಚ್ಚಿಕೊಂಡಿತು, ಹಾಡುವವರು ಒಂದು ಹೆಜ್ಜೆ ಹತ್ತಿರ ಬಂದರು ಅನ್ನಿಸುತ್ತದೆ. ಕಾರಣವಿದೆ. ಸದ್ದು ತಗ್ಗಿದಂತೆ ನಮ್ಮ ಕಿವಿ ನಡುವಿನ ಸ್ವರಗಳನ್ನು ಹಿಡಿದುಕೊಂಡು ಮಂದ್ರವನ್ನು ಹೆಚ್ಚು ಹೆಚ್ಚಾಗಿ ಬಿಟ್ಟುಕೊಡುತ್ತದೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಗೆರೆ ಎಳೆದು ತೋರಿಸಿದರು. ಸದ್ದು ಒಂಚೂರು ಏರಿಸಿದರೆ ಮಂದ್ರ ಹೆಚ್ಚಾಗಿ ಮರಳಿ ಬರುತ್ತದೆ. ಜಾತ್ರೆಯಲ್ಲಿ ಕ್ಯಾಸೆಟ್ ಮಾರುವವರಿಗೆ ಫ್ಲೆಚರ್ ಯಾರೆಂದು ಗೊತ್ತಿರಲಿಲ್ಲ, ಆದರೆ ಗಿರಾಕಿ ಹತ್ತಿರ ಬಂದಾಗ ಗುಬುಟಿ ಕಾಲು ಸುತ್ತು ತಿರುವುವುದು ಗೊತ್ತಿತ್ತು.

ನಿನ್ನ ಹೊಸ ಪ್ಲೇಯರಿಗೆ 4.4 ಮಿಲಿಮೀಟರಿನ ಬ್ಯಾಲೆನ್ಸ್ಡ್ ತೂತು ಬೇರೆ ಇದೆ. ಅದರಲ್ಲಿ ಕೇಳಿದರೆ 'ಆಹಾ' ಅಂತೀ. ಅನ್ನಲೇಬೇಕು. ಬಹಳಷ್ಟು ಪ್ಲೇಯರುಗಳಲ್ಲಿ ಆ ತೂತಿನಿಂದ ಸಾದಾ ತೂತಿನ ಹೆಚ್ಚುಕಡಿಮೆ ಇಮ್ಮಡಿ ವೋಲ್ಟೇಜ್ ಬರುತ್ತದೆ, ಅಂದರೆ ಹತ್ತಿರಹತ್ತಿರ 6 ಡೆಸಿಬೆಲ್. ತಕ್ಕಡಿಯ ಒಂದೇ ತಟ್ಟೆಗೆ ಕಲ್ಲಿಟ್ಟು ತೂಗಿದ ಹಾಗಾಯಿತು. ಹೋಲಿಸುವುದಿದ್ದರೆ ಎರಡರಲ್ಲೂ ಒಂದೇ ನಮೂನೆಯ ತೂತು, ಒಂದೇ ಫೈಲು, ಒಂದೇ ಹೆಡ್‌ಫೋನು. ಈಕ್ವಲೈಜರ್, ದನಿ 'ಸುಧಾರಿಸುವ' ಒಳಗಿನ ಸವಲತ್ತು ಎಲ್ಲ ಬಂದ್. ಮೀಟರಿನಲ್ಲಿ ಎರಡರ ನಡುವೆ ನೂರಕ್ಕೆ ಒಂದರಷ್ಟಕ್ಕಿಂತ ಹೆಚ್ಚು ಫರಕು ಇರಕೂಡದು.

ಆಮೇಲೆ ದಸ್ತಿ. ನಿನ್ನ ಕಣ್ಣಿಗೆ ಕಟ್ಟಿದವಳು ನಿನ್ನವ್ವ, ಬಿಗಿಯಾಗಿಯೇ ಕಟ್ಟಿದಳು. ನಿನ್ನ ತಂಗಿ ಹಿಂದೆ ಕೂತು ನಾಣ್ಯ ಚಿಮ್ಮುವಳು. ತಲೆ ಬಿದ್ದರೆ ಹಳೆಯದು, ಅಂಕಿ ಬಿದ್ದರೆ ಹೊಸದು. ಹತ್ತು ಸೆಕೆಂಡಿನ ಒಂದೇ ತುಣುಕು, ನಡುವೆ ಎರಡು ಮೂರು ಸೆಕೆಂಡಿನ ಬಿಡುವು. ಹೆಚ್ಚು ಹೊತ್ತು ಬಿಟ್ಟರೆ ಕಿವಿಯ ನೆನಪು ಮಾಸಿಹೋಗುತ್ತದೆ, ಉಳಿಯುವುದು ಬುದ್ಧಿಯ ನೆನಪು. ಬುದ್ಧಿಗೆ ಬೆಲೆ ಗೊತ್ತಿದೆಯಲ್ಲ! ಹತ್ತು ಸಲದಲ್ಲಿ ನೀನು ಆರು ಸಲ ಸರಿ ಹೇಳಿದೆ. "ಆರು! ಅರ್ಧಕ್ಕಿಂತ ಮ್ಯಾಲ!" ಅಂತ ದಸ್ತಿ ಬಿಚ್ಚಿ ಬೀಸಿದೆ. ತಮ್ಮಾ, ನೂರು ಮಂದಿ ಏನೂ ಕೇಳದೆ ಬರೇ ಊಹೆಯ ಮೇಲೆ ಹತ್ತು ಸಲ ಹೇಳಿದರೂ ಅವರಲ್ಲಿ ಸುಮಾರು ಮೂವತ್ತೆಂಟು ಮಂದಿಗೆ ಆರು ಅಥವಾ ಹೆಚ್ಚು ಸರಿಯಾಗುತ್ತವೆ. ಒಂಬತ್ತು ಸರಿ ಬರುವುದು ನೂರರಲ್ಲಿ ಒಬ್ಬನಿಗೆ. ಒಂಬತ್ತು ಹೇಳಿ ತೋರಿಸು, ಮೂರನೆಯ ಪ್ಲೇಯರಿಗೆ ಅರ್ಧ ರೊಕ್ಕ ನಾನು ಕೊಡುತ್ತೇನೆ. ಇದು ಬರೆದುಕೊಟ್ಟ ಮಾತು.

ವ್ಯತ್ಯಾಸವೇ ಇರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಹಟಮಾರಿಗಳೂ ಇದ್ದಾರೆ, ಅವರೂ ದಸ್ತಿ ಕಟ್ಟಿಕೊಳ್ಳುವುದಿಲ್ಲ. ಕಿವಿಯೊಳಗೆ ತೂರಿಸುವ ನಾಲ್ಕಾರು ಡ್ರೈವರಿನ ಇಯರ್‌ಫೋನುಗಳ ರೋಧ ಒಂದು ಸ್ವರಕ್ಕೆ 10 ಓಮ್ ಇದ್ದರೆ ಇನ್ನೊಂದಕ್ಕೆ 40 ಇರಬಹುದು. ಪ್ಲೇಯರಿನ ಒಳಗಿನ ರೋಧವೂ 10 ಓಮ್ ಇದ್ದರೆ ಕೆಲವು ಸ್ವರ ತಗ್ಗುತ್ತವೆ, ಕೆಲವು ಏಳುತ್ತವೆ, ಹಾಡಿನ ಬಣ್ಣವೇ ಬದಲಾಗುತ್ತದೆ. ಅದು ದಸ್ತಿ ಕಟ್ಟಿದರೂ ಕೇಳುತ್ತದೆ. ಒಂದು ಓಮಿನ ಆಸುಪಾಸು ಇದ್ದರೆ ಚಿಂತೆ ಇಲ್ಲ. ಹಾಗೆಯೇ ಸೂಕ್ಷ್ಮ ಇಯರ್‌ಫೋನಿಗೆ ದೊಡ್ಡ ತಾಕತ್ತಿನ ಪ್ಲೇಯರ್ ಹಚ್ಚಿದರೆ ಹಾಡು ನಿಂತಾಗ ಹಿಂದಿನಿಂದ 'ಸ್ಸ್' ಅನ್ನುವ ಸದ್ದು. ಅದೂ ನಿಜ. ಈ ಎರಡು ದೋಷ ಇಲ್ಲದ ಪ್ಲೇಯರ್ ಆದಮೇಲೆ, ಒಳಗೆ ಜಪಾನಿನ ಚಿಪ್ಪು ಇದೆಯೋ ಅಮೆರಿಕದ್ದು ಇದೆಯೋ ಅಂತ ತಲೆ ಕೆಡಿಸಿಕೊಳ್ಳುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. 2020ರ ಅಕ್ಟೋಬರಿನಲ್ಲಿ ಅಸಾಹಿ ಕಸೇಯವರ ನೊಬೆಓಕಾ ಕಾರ್ಖಾನೆಗೆ ಬೆಂಕಿ ಬಿದ್ದು ಆ ಜಪಾನಿನ ಚಿಪ್ಪು ಸಿಗದಾದಾಗ ಪ್ಲೇಯರ್ ಮಾಡುವವರು ಬೇರೆ ಚಿಪ್ಪಿಗೆ ಹೊರಳಿದರು. ಹಾಡು ನಿಲ್ಲಲಿಲ್ಲ.

ನನ್ನ ಕಾಲದಲ್ಲಿ ಹೀಗಿರಲಿಲ್ಲ, ಅದಕ್ಕೇ ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ಟೇಪ್ ರಿಕಾರ್ಡರಿನ ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತಿತ್ತು. ಅದನ್ನು ಕಾಲು ಸುತ್ತು ತಿರುಗಿಸಿದರೆ ಕಂಬಳಿ ಹೊದ್ದ ದನಿ ಎದ್ದು ಕೂರುತ್ತಿತ್ತು, ಗಿರಾಕಿಯ ಜೊತೆ ಬಂದ ಕೂಸಿಗೂ ಗೊತ್ತಾಗುವಷ್ಟು. ಬೆಲ್ಟು ಸಡಿಲಾದರೆ ರಾಗವೇ ಓಲಾಡುತ್ತಿತ್ತು. ಹುಕ್ಕೇರಿ ಸೀಮೆಗೆ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಕರೆಂಟು ಹೊಲಹೊಲಕ್ಕೂ ಮುಟ್ಟಿದ ಮೇಲೆ, ನಿನ್ನ ಹುಕ್ಕೇರಿ ಅಜ್ಜನ ರೇಡಿಯೋದಲ್ಲಿ ಮಗ್ಗುಲ ತೋಟದ ಪಂಪು ಶುರುವಾದದ್ದು ಸ್ವಿಚ್ಚಿನ ಸದ್ದಿಗಿಂತ ಮೊದಲೇ 'ಗರ್ರ್' ಅಂತ ಗೊತ್ತಾಗುತ್ತಿತ್ತು. ಯಂತ್ರ ಅಂದರೆ ದೋಷ, ಯಂತ್ರ ಬದಲಿಸುವುದು ಅಂದರೆ ದೋಷ ಕಳೆಯುವುದು. ನಿನ್ನದು ಬ್ಯಾಟರಿಯ ಮೇಲೆ ನಡೆಯುತ್ತದೆ, ಓಲಾಡುವುದಿಲ್ಲ, ಗುಂಯ್ಗುಡುವುದಿಲ್ಲ. ಕಳೆಯಲು ದೋಷವೇ ಉಳಿಯದಾಗ ರೊಕ್ಕ ಕೊಟ್ಟು ಏನನ್ನು ಕಳೆಯುತ್ತೀ?

ಅವತ್ತು ಕೊನೆಗೆ ನಡೆದದ್ದನ್ನು ನೀನು ಗಮನಿಸಲಿಲ್ಲ, ಆಗ ನೀನು ಜಗಳಕ್ಕೆ ಬಿದ್ದಿದ್ದೆ. ಹಳೆಯ ಪ್ಲೇಯರಿಗೇ ಮೊದಲು ತಂಗಿಯ ಸಾದಾ ಹೆಡ್‌ಫೋನ್, ಆಮೇಲೆ ನಿನ್ನ ದೊಡ್ಡ ಹೆಡ್‌ಫೋನ್ ಹಚ್ಚಿ ನಿನ್ನವ್ವನ ತಲೆಗೆ ಇಟ್ಟೆ. ಕಣ್ಣು ಕಟ್ಟುವ ಪ್ರಮೇಯವೇ ಬರಲಿಲ್ಲ. "ಅದ್ರಾಗ ಡಬ್ಬಿ ಬಡದಂಗ ಆಗತಿತ್ತು. ಇದ್ರಾಗ ತಬಲಾ ಐತಿ" ಅಂದಳು, ಅಂದವಳೇ ಹೋಳಿಗೆ ತಿರುವಿ ಹಾಕಲು ಎದ್ದು ಹೋದಳು. ರೊಕ್ಕ ಹಾಕುವುದಿದ್ದರೆ ಅಲ್ಲಿ ಹಾಕು.

ಇನ್ನು ನಿನ್ನ 'ಹೈ ರೆಸ್' ಹಾಡುಗಳ 24 ಬಿಟ್, 192 ಕಿಲೋಹರ್ಟ್ಸ್. ಸಿ.ಡಿ.ಯದ್ದು 16 ಬಿಟ್, 44.1 ಕಿಲೋಹರ್ಟ್ಸ್. ಅಷ್ಟರಲ್ಲೇ ನಿನ್ನ ಎಳೆಯ ಕಿವಿಗೂ ಮೀರಿದ ಸ್ವರದವರೆಗೆ ಹಿಡಿಯುತ್ತದೆ, ಮೆಲ್ಲಗಿನದಕ್ಕೂ ಜೋರಿನದಕ್ಕೂ ನಡುವೆ 96 ಡೆಸಿಬೆಲ್ ಅಂತರ ಸಿಗುತ್ತದೆ. ಬಾಸ್ಟನ್ನಿನ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಸಿ.ಡಿ.ಗಿಂತ ಮೇಲಿನ ದರ್ಜೆಯ ಡಿಸ್ಕಿನ ದನಿಯನ್ನು ಒಮ್ಮೆ ನೇರವಾಗಿ, ಒಮ್ಮೆ ಸಿ.ಡಿ. ದರ್ಜೆಗೆ ಇಳಿಸಿ ಮಂದಿಗೆ ಕೇಳಿಸಿದರು. 2007ರಲ್ಲಿ ಪ್ರಕಟವಾದ ಲೆಕ್ಕ ಇಷ್ಟು: 554 ಸಲದಲ್ಲಿ 276 ಸಲ ಸರಿ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಅದಾದ ಮೇಲೆ ಹಲವು ಪರೀಕ್ಷೆಗಳನ್ನು ಒಟ್ಟುಹಾಕಿ ನೋಡಿದವರು, ತರಬೇತಾದ ಕಿವಿಗೆ ಸ್ವಲ್ಪ ಸುಳಿವು ಸಿಗುತ್ತದೆ ಅಂದಿದ್ದಾರೆ. ಆ ಸ್ವಲ್ಪವನ್ನು ಕೇಳಲು ನಿನ್ನ ಮನೆ ಎಷ್ಟು ಮೌನ ಇದೆ? ತಲೆಯ ಮೇಲೆ ಫ್ಯಾನು, ಪಕ್ಕದ ಮನೆಯ ಮಿಕ್ಸರು, ಹೊರಗೆ ಕಬ್ಬಿನ ಟ್ರ್ಯಾಕ್ಟರಿನ ಹಾಡು. ಮೊದಲು ಫ್ಯಾನ್ ಆರಿಸಿ ಕೇಳು, ಅದಕ್ಕೆ ಪೈಸೆ ಖರ್ಚಿಲ್ಲ.

ಹಳೆಯ ರಿಕಾರ್ಡುಗಳನ್ನು 'ಹೈ ರೆಸ್' ಅಂತ ಕೊಳ್ಳುವಾಗ ಒಂದು ಕ್ಷಣ ನಿಂತು ಯೋಚಿಸು. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಅರಗಿನ ತಟ್ಟೆಯ ಹಾಡು ಮೂರು ನಿಮಿಷದ್ದು, ಚರಚರ ಸದ್ದಿನ ನಡುವೆ ನಿಂತ ಕಂಠ. ಅದನ್ನು 192ಕ್ಕೆ ಹಿಗ್ಗಿಸಿದರೆ ಚರಚರ ಹೆಚ್ಚು ವಿವರವಾಗಿ ಬರುತ್ತದೆ, ಅಷ್ಟೆ. ಮೂಲ ತಟ್ಟೆ ಸವೆಯದೆ ಇತ್ತೋ, ತೊಳೆದು ಒಳ್ಳೆಯ ಮುಳ್ಳು ಹಾಕಿ ತೆಗೆದರೋ, ಚರಚರದ ಜೊತೆ ಕಂಠವನ್ನೂ ಒರೆಸಿಬಿಟ್ಟರೋ, ಫರಕು ಇರುವುದು ಅಲ್ಲಿ. ಒಂದೇ ಹಾಡಿನ ಎರಡು ಬೇರೆ ಬೇರೆ ಆವೃತ್ತಿ ಒಂದೇ ಪ್ಲೇಯರಿನಲ್ಲಿ ಹಾಕಿ ನೋಡು. ನೀನು ಎರಡು ಪ್ಲೇಯರುಗಳ ನಡುವೆ ಹುಡುಕುತ್ತಿರುವ ವ್ಯತ್ಯಾಸ ಅಲ್ಲಿ ಧಾರಾಳವಾಗಿ ಸಿಗುತ್ತದೆ.

ಕಿವಿ ಪಳಗಿಸುವುದಿದ್ದರೆ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರನ್ನು ಕೇಳು. ಕ್ಷಯದಿಂದ ಒಂದು ಶ್ವಾಸಕೋಶ ಹೋದ ಮೇಲೆ ಅವರು ಸಣ್ಣ ಸಣ್ಣ ತುಣುಕಾಗಿ ಹಾಡುವುದನ್ನು ರೂಢಿಸಿಕೊಂಡರು. ಒಂದು ತುಣುಕು ಮುಗಿದು ಇನ್ನೊಂದು ಹೊರಡುವ ನಡುವೆ ಉಸಿರು ಎಲ್ಲಿ ತೆಗೆದುಕೊಂಡರು ಅಂತ ಹಿಡಿಯಲು ನೋಡು. ಆಮೇಲೆ ಹಿಂದಿನ ತಂಬೂರಿ. ಹುಕ್ಕೇರಿಯಿಂದ ಮಿರಜ್ ಎಷ್ಟು ದೂರ? ತಂಬೂರಿ ಮಾಡುವವರ ಅಂಗಡಿಯಲ್ಲಿ ಒಂದು ತಾಸು ಕೂತು ಬಾ. ದಾರದ ಎಳೆಯನ್ನು ತಂತಿಯ ಕೆಳಗೆ ಕೂದಲೆಳೆಯಷ್ಟು ಸರಿಸಿದರೆ ನಾದ ಅರಳುವುದನ್ನು ಒಮ್ಮೆ ಹತ್ತಿರದಿಂದ ಕೇಳಿದರೆ ಯಾವ ಪ್ಲೇಯರ್ ತಂಬೂರಿಯನ್ನು ಸರಿಯಾಗಿ ಹೇಳುತ್ತದೆ ಅಂತ ತೀರ್ಮಾನಿಸಲು ನಿನ್ನ ಬಳಿ ಒಂದು ಅಳತೆಗೋಲು ಇರುತ್ತದೆ. ಈಗ ನೀನು ಒಂದು ಪ್ಲೇಯರನ್ನು ಇನ್ನೊಂದು ಪ್ಲೇಯರಿನಿಂದ ಅಳೆಯುತ್ತಿದ್ದೀ.

ಕಿವಿಯ ಜೋಪಾನದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 40 ತಾಸು, 80 ಡೆಸಿಬೆಲ್ ಅಂತ ಮಿತಿ ಹಾಕಿದೆ. 3 ಡೆಸಿಬೆಲ್ ಏರಿಸಿದರೆ ತಾಸು ಅರ್ಧವಾಗುತ್ತದೆ. ನಿನ್ನ ಎರಡೂ ಪ್ಲೇಯರುಗಳಿಗಿಂತ ತುಟ್ಟಿಯ ಸಾಮಾನು ನಿನ್ನ ತಲೆಯ ಎರಡು ಬದಿಗಿದೆ, ಅದಕ್ಕೆ ಗ್ಯಾರಂಟಿ ಕಾರ್ಡಿಲ್ಲ.

ಇಷ್ಟು ಬರೆದ ಮೇಲೆ ಒಂದು ಕೆಲಸ ಹೇಳುತ್ತೇನೆ. ನಿನ್ನ ಅಜ್ಜ, ಅಂದರೆ ನನ್ನ ಅಪ್ಪ, ಪಾರಿಜಾತದ ಹುಚ್ಚು ಹಚ್ಚಿಕೊಂಡವರು. ನಮ್ಮ ಗೋಕಾಕದ ಆಸುಪಾಸಿನ ಸೀಮೆಯೇ ಶ್ರೀಕೃಷ್ಣ ಪಾರಿಜಾತ ಆಟದ ತವರು. ಆಟಕ್ಕೆ ರಂಗದ ರೂಪ ಕೊಟ್ಟ ತಮ್ಮಣ್ಣನ ಕುಲಗೋಡವೂ ಅಲ್ಲೇ, ಅದನ್ನಾಡಿ ಹೆಸರಾದ ನಿಂಗಮ್ಮನ ಕೌಜಲಗಿಯೂ ಅಲ್ಲೇ. ಎಲ್ಲಿ ಆಟ ಇದ್ದರೂ ಅಪ್ಪ ನನ್ನ ಅಂಗಡಿಯ ಟೇಪು ಹೊತ್ತುಕೊಂಡು ಹೋಗಿ ಮುಂದೆ ಕೂರುತ್ತಿದ್ದರು. ಊರ ಮೇಳಗಳದ್ದು, ಹೆಸರಿಲ್ಲದವರದ್ದು, ಹನ್ನೊಂದು ಕ್ಯಾಸೆಟ್ ಟ್ರಂಕಿನಲ್ಲಿವೆ. ಮೊನ್ನೆ ತೆಗೆದೆ. ಎರಡಕ್ಕೆ ಬೂಸು ಹಿಡಿದಿದೆ. ನಾಲ್ಕರಲ್ಲಿ ಟೇಪನ್ನು ಹೆಡ್ಡಿಗೆ ಒತ್ತುವ ಸಣ್ಣ ಬಟ್ಟೆಯ ತುಂಡು ಉದುರಿಬಿದ್ದಿದೆ. ಒಂದನ್ನು ಹಾಕಿ ನೋಡಿದೆ. ಹಾರ್ಮೋನಿಯಂ ತಿದಿಯ ಗಾಳಿ, ತಾಳದ ಚಿಣ್, ಯಾರೋ "ಏ, ಮುಂದ ಕುಂದರ್ರೋ" ಅನ್ನುವುದು, ಒಂದು ನಾಯಿ. ದನಿ ಮಬ್ಬಾಗಿದೆ, ಹೆಡ್ಡಿನ ಸ್ಕ್ರೂ ಆ ಕ್ಯಾಸೆಟ್ಟಿಗೆ ಹೊಂದಿಸಬೇಕು. ಒಂದೊಂದು ಕ್ಯಾಸೆಟ್ಟಿಗೂ ಬೇರೆ ಬೇರೆಯಾಗಿ ಹೊಂದಿಸಬೇಕು. ಆ ಸ್ಕ್ರೂ ತಿರುಗಿಸುವಾಗ ಮೇಲಿನ ಸ್ವರ ಎಲ್ಲಿ ತೆರೆದುಕೊಂಡಿತು ಅಂತ ಕಿವಿಯಿಂದಲೇ ಹಿಡಿಯಬೇಕು, ಅದು 10 ಸಾವಿರ ಹರ್ಟ್ಸಿನ ಆಸುಪಾಸಿನ ಮಾತು. ನನ್ನಿಂದ ಆಗುವುದಿಲ್ಲ. ನಿನಗೆ 17 ಸಾವಿರ ಕೇಳುತ್ತದೆ ಅಂದೆಯಲ್ಲ.

ಲ್ಯಾಪ್‌ಟಾಪ್ ತಾ. ತುಂಬಿಸಿಕೊಳ್ಳುವಾಗ 24 ಬಿಟ್ ಇಡು. ಸದ್ದು ಏರಿಳಿಯುವ ಹಳೆಯ ಟೇಪಿಗೆ ಅಷ್ಟು ಸಡಿಲು ಜಾಗ ಬೇಕು, ಅಲ್ಲಿ ಅದರ ಉಪಯೋಗ ಇದೆ. ನನ್ನ ಡೆಕ್ಕಿನ ಬೆಲ್ಟು ಜೋಲು ಬಿದ್ದಿದೆ, ಗೋಕಾಕದಲ್ಲಿ ಎಲ್ಲೂ ಸಿಗಲಿಲ್ಲ. ಪುಣೆಯ ಬುಧವಾರ ಪೇಟೆಯಲ್ಲಿ ತಾಪಕೀರ ಗಲ್ಲಿಯ ಕಡೆ ಹಳೆಯ ಸಾಮಾನಿನವರನ್ನು ಕೇಳು. ಅಳತೆಗೆ ಹಳೆಯ ಬೆಲ್ಟನ್ನೇ ಈ ಕಾಗದದ ಜೊತೆ ಮಡಚಿ ಇಟ್ಟಿದ್ದೇನೆ. ಎರಡು ತಗೋ. ಹಾಕುವಾಗ ಒಂದು ಹರಿಯುತ್ತದೆ.